ಕಿರುಬೆರಳಿನ ಪಾಠ

ತೆರೆದ ಬಾಯಿಯೊಳಗೆ ಪುಟ್ಟ ಕನ್ನಡಿ ಇಟ್ಟು, ದೀಪವನ್ನು ಕೆಳಗೆ ಎಳೆದು, ಬಗ್ಗಿ ನೋಡಿ ಮುಗಿಸಿದ ಮೇಲೆಯೇ ಅವಳಿಗೆ ಗೊತ್ತಾದದ್ದು, ಕುರ್ಚಿಯಲ್ಲಿ ಮಲಗಿದ್ದವರು ತನ್ನ ಗಿಟಾರ್ ಮೇಷ್ಟ್ರು ಎಂದು. ಮುಖ ನೋಡುವ ಅಭ್ಯಾಸ ತಪ್ಪಿ ಎಷ್ಟೋ ಕಾಲವಾಗಿತ್ತು. ನರ್ಸ್ ಒಬ್ಬೊಬ್ಬರನ್ನೇ ತಂದು ಕೂರಿಸುತ್ತಿದ್ದಳು. ಇವಳು ಹಲ್ಲುಗಳನ್ನು ನೋಡುತ್ತಿದ್ದಳು.

“ಮೇಷ್ಟ್ರೇ, ನೀವಾ?”

“ಹ್ಞಾ,” ಎಂದಿತು ಬಾಯಿ.

ಕನ್ನಡಿ ತೆಗೆದಳು. ಅವರ ಎಡಗೆನ್ನೆ ಊದಿಕೊಂಡು ಮುಖ ಬೇರೆ ಯಾರದೋ ಆಗಿತ್ತು.

“ಎಷ್ಟು ದಿನದಿಂದ ನೋವು?”

“ನೋವು ಅಂತೇನಿಲ್ಲ ಡಾಕ್ಟ್ರೇ. ಇವತ್ತು ಸ್ವಲ್ಪ ಜಾಸ್ತಿ, ಅಷ್ಟೇ. ನೀವು ನೋಡಿ.”

ಡಾಕ್ಟ್ರೇ. ನೀವು. ತರಗತಿಯಲ್ಲಿ ‘ಏನಮ್ಮಾ, ಕೈ ಸತ್ತಿದೆಯಾ ನಿಂದು?’ ಎಂದು ಗದರುವ ಮನುಷ್ಯ ಇಲ್ಲಿ ಬಹುವಚನ ಹಿಡಿದುಕೊಂಡು ಮಲಗಿದ್ದರು.

ಮತ್ತೆ ಬಗ್ಗಿದಳು. ವಾಸನೆ ಮಾಸ್ಕನ್ನು ದಾಟಿ ಬಂತು. ಹಿಂದಿನ ದವಡೆಯಲ್ಲಿ ಕಪ್ಪು ಮೋಟುಗಳು. ಹಲ್ಲಿನ ಸಂದಿಯಲ್ಲಿ ಯಾವ ಊಟದ್ದೋ ಬಿಳಿಯ ನಾರು. ಒಸಡನ್ನು ಸಲಾಕೆಯಿಂದ ಮುಟ್ಟಿದರೆ ಸಾಕು, ಕೀವು ಜಿನುಗುತ್ತಿತ್ತು. ದಿನಕ್ಕೆ ಇಂಥ ಎಷ್ಟು ಬಾಯಿ ನೋಡುತ್ತಾಳೋ. ಯಾವುದಕ್ಕೂ ಮುಖ ತಿರುಗಿಸಿದ್ದಿಲ್ಲ. ಈಗ ತಿರುಗಿಸಿದಳು.

ಇದೇ ಬಾಯಿ ವರ್ಷಗಳಿಂದ ಅವಳಿಗೆ ಹೇಳುತ್ತಿದ್ದ ಮಾತು ಒಂದೇ: “ಕೊಳೆ. ಸ್ವರ ಕೊಳೆಯಾಗಿದೆ. ಮೊದ್ಲಿಂದ ನುಡ್ಸು.”

ಬೆಳಿಗ್ಗೆ ಎದ್ದು ಅವರು ಹೇಳಿಕೊಟ್ಟ ಬೆರಳಿನ ಅಭ್ಯಾಸವನ್ನೇ ನುಡಿಸಿ ಬಂದಿದ್ದಳು. ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡಕ್ಕಿರುವ ಲೋಹದ ಪಟ್ಟಿಗಳು, ಅವುಗಳ ನಡುವಿನ ಒಂದೊಂದು ಮನೆಗೆ ಒಂದೊಂದು ಬೆರಳು. ತೋರುಬೆರಳು, ನಡುಬೆರಳು, ಉಂಗುರದ ಬೆರಳು, ಕಿರುಬೆರಳು. ಒಂದು ತಂತಿ ಮುಗಿದರೆ ಮುಂದಿನ ತಂತಿ. ತಂತಿಗಳೆಲ್ಲ ಮುಗಿದರೆ ಒಂದು ಮನೆ ಮುಂದೆ ಸರಿದು ಮತ್ತೆ ಮೊದಲಿಂದ. ಒತ್ತಿದ ಸ್ವರದ ಹೆಸರು ಬಾಯಲ್ಲಿ ಹೇಳುತ್ತಿರಬೇಕು. ಅವಳ ಕಿರುಬೆರಳು ಮಾತ್ರ ಎಂದೂ ಸರಿಯಾಗಿ ಬೀಳುತ್ತಿರಲಿಲ್ಲ.

“ಹಾಡು ಯಾವಾಗ ಮೇಷ್ಟ್ರೇ?” ಎಂದು ಒಮ್ಮೆ ಕೇಳಿದ್ದಳು.

“ಮೊದ್ಲು ಕೈ ಶುದ್ಧ ಆಗ್ಲಿ.”

ಅವಳು ನಂಬಿದ್ದಳು. ಗಂಡ ‘ಅಟ್ಟದ ಮೇಲೆ ಇಲಿ ಓಡಾಡಿದ ಹಾಗಿದೆ’ ಎಂದು ನಕ್ಕಾಗಲೂ ನಂಬಿದ್ದಳು. ದಿನವಿಡೀ ಇನ್ನೊಬ್ಬರ ಉಗುಳಿನಲ್ಲಿ ಕೈ ಅದ್ದುವವಳಿಗೆ ಶುದ್ಧವಾದದ್ದು ಎಲ್ಲೋ ಒಂದು ಇದೆ ಎಂಬುದೇ ದೊಡ್ಡದಾಗಿತ್ತು.

“ಕೀಳ್ಬೇಕು,” ಎಂದಳು.

“ಕೀಳಿ.”

ಬಹಳ ಹೊತ್ತು ಇಳಿಯದ ಮದ್ದಿನ ಸೂಜಿ ಚುಚ್ಚಿ, ದವಡೆ ಮರಗಟ್ಟಲೆಂದು ಕಾದಳು. ಸುಮ್ಮನೆ ಕಾಯಲಾಗದೆ ಕೇಳಿದಳು: “ನೀವೊಬ್ರೇ ಇದ್ದಾಗ ಏನು ನುಡಿಸ್ತೀರಿ ಮೇಷ್ಟ್ರೇ?”

“ಅಭ್ಯಾಸ.”

“ಅದಾದ್ಮೇಲೆ?”

“ಅದಾದ್ಮೇಲೆ ಏನು?”

“ಹಾಡು, ಗೀಡು…”

ಮೇಷ್ಟ್ರು ಅರ್ಧ ಸತ್ತ ತುಟಿಯಲ್ಲಿ ನಕ್ಕರು. “ಹಾಡು ನಂಗೆ ಯಾವತ್ತೂ ಬರ್ಲಿಲ್ಲ ಡಾಕ್ಟ್ರೇ. ಅಭ್ಯಾಸ ಚೆನ್ನಾಗಿ ಬರುತ್ತೆ. ಅಷ್ಟು ಸಾಲ್ದಾ?”

ಅದರಲ್ಲಿ ನಾಚಿಕೆ ಇರಲಿಲ್ಲ. ಇದ್ದಿದ್ದರೆ ಅವಳಿಗೆ ಕನಿಕರವಾದರೂ ಹುಟ್ಟುತ್ತಿತ್ತು. ಇಕ್ಕಳ ಹಾಕಿ ಅಗತ್ಯಕ್ಕಿಂತ ಜೋರಾಗಿ ಅಲುಗಾಡಿಸಿದಳು. ಹಲ್ಲು ಬುಡದ ಕೀವಿನ ಗಂಟಿನ ಸಮೇತ ಕಿತ್ತು ಬಂತು. ಹತ್ತಿ ತುರುಕಿ, “ಕಚ್ಕೊಂಡಿರಿ. ಮಾತಾಡ್ಬೇಡಿ,” ಎಂದಳು. ಹಾಗೆನ್ನುವಾಗ ಒಂದು ಕೆಟ್ಟ ಸುಖವಾಯಿತು.

ಕುರ್ಚಿಯಿಂದ ಇಳಿದು ಚಪ್ಪಲಿ ಮೆಟ್ಟಿದ ಮೇಷ್ಟ್ರು ಬಾಗಿಲ ಹತ್ತಿರ ತಿರುಗಿದರು. ಹತ್ತಿಯ ಸಂದಿಯಿಂದಲೇ ಹೇಳಿದರು: “ಸಂಜೆ ತಪ್ಪಿಸ್ಬೇಡ.” ನೆಲಕ್ಕೆ ಕಾಲು ತಾಗಿದ್ದೇ ಬಹುವಚನ ಬಿಟ್ಟುಹೋಗಿತ್ತು.

ಮಧ್ಯಾಹ್ನ ಮನೆಯಲ್ಲಿ ಗಂಡ ಊಟ ಮಾಡುತ್ತಿದ್ದ. ಅಗಿಯುವಾಗ ಅವನ ದವಡೆ ಬಲಕ್ಕೆ ತುಸು ಜಾರುವುದನ್ನು ಅವಳು ಮದುವೆಯಾದಂದಿನಿಂದ ಬಲ್ಲಳು. ಇವತ್ತು ಅದರಿಂದ ಕಣ್ಣು ಕೀಳಲಾಗಲಿಲ್ಲ.

“ತಿನ್ನಲ್ವಾ?”

“ಹಸಿವಿಲ್ಲ. ಕ್ಲಾಸ್ ಬಿಡೋಣ ಅಂತಿದೀನಿ.”

“ಬಿಡು.”

“ಯಾಕೆ ಅಂತ ಕೇಳಲ್ವಾ?”

“ಕೇಳಿದ್ರೆ ಬಿಡಲ್ಲ ನೀನು.” ನೀರು ಕುಡಿದು, ಬಾಯಲ್ಲೇ ಮುಕ್ಕಳಿಸಿ, ನುಂಗಿ ಎದ್ದ.

ಸಂಜೆ ಹೋದಳು. ಯಾಕೆ ಹೋದಳೆಂದು ಮೆಟ್ಟಿಲು ಹತ್ತುವಾಗ ತನ್ನನ್ನೇ ಕೇಳಿಕೊಂಡಳು. ಮನೆಯಲ್ಲಿ ಕೂತರೆ ಆ ಹೊತ್ತಿಗೆ ಮಾಡಲು ಬೇರೇನೂ ಇಲ್ಲವೆಂಬ ಉತ್ತರ ಹೊಳೆದದ್ದೇ ತನ್ನ ಮೇಲೇ ಅಸಹ್ಯ ಹುಟ್ಟಿತು. ಹಾಡು ಬೇಕೆಂದು ಅವಳೂ ಒಂದೇ ಸಲ ಕೇಳಿ ಸುಮ್ಮನಾಗಿದ್ದಳಲ್ಲವೆ?

ಮೇಷ್ಟರ ಕೋಣೆಯಲ್ಲಿ ಕಿಟಕಿ ಮುಚ್ಚಿತ್ತು. ಅವರ ಬಾಯಲ್ಲಿ ಬೆಳಗಿನ ಹತ್ತಿ ಇನ್ನೂ ಹಾಗೇ ಇತ್ತು. ತಮ್ಮ ಗಿಟಾರನ್ನು ತೊಡೆಯ ಮೇಲಿಟ್ಟು, ತಲೆ ಬಗ್ಗಿಸಿ, ಕಿರುಬೆರಳು ಹೇಗೆ ಬೀಳಬೇಕೆಂದು ತೋರಿಸಿದರು. ಒಂದೊಂದು ಸ್ವರವೂ ತೊಳೆದಿಟ್ಟ ಗಾಜಿನಂತಿತ್ತು. ಅವಳಿಗೆ ಅಳು ಬರುವಷ್ಟು ಚೆನ್ನಾಗಿತ್ತು. ಆದರೆ ಸ್ವರಗಳು ಹಾಡಾಗಿ ಎಲ್ಲಿಗೂ ಹೋಗುತ್ತಿರಲಿಲ್ಲ.

ಆಗ ಅವರ ತುಟಿಯ ತುದಿಯಿಂದ ಉಗುಳು ನೂಲಿನಂತೆ ಇಳಿಯಿತು. ತಿಳಿಗೆಂಪು ಬಣ್ಣದ್ದು. ತುಟಿಗೆ ಇನ್ನೂ ಸ್ಪರ್ಶ ಬಂದಿರದಿದ್ದರಿಂದ ಅವರಿಗೆ ಗೊತ್ತಾಗಲಿಲ್ಲ. ನೂಲು ಕಡಿದು ಗಿಟಾರಿನ ಕುತ್ತಿಗೆಯ ಮೇಲೆ, ತಂತಿಗಳ ನಡುವೆ ಬಿದ್ದು ಹನಿಯಾಯಿತು.

ಮೇಷ್ಟ್ರು ಗಿಟಾರನ್ನು ಅವಳ ಕೈಗಿಟ್ಟರು. ಪೆನ್ಸಿಲ್ ತೆಗೆದುಕೊಂಡು ಮೇಜಿನ ಮೇಲೆ ತಾಳ ಬಡಿಯತೊಡಗಿದರು.

ಒರೆಸಬಹುದಿತ್ತು. ಒರೆಸಿದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಅವಳು ನುಡಿಸತೊಡಗಿದಳು. ಬೆರಳುಗಳು ಈ ಸಂಜೆ ಎಂದಿಗಿಂತ ಚೆನ್ನಾಗಿ ಬಿದ್ದವು. ಮೇಷ್ಟ್ರು ಕಣ್ಣು ಮುಚ್ಚಿ ತಲೆದೂಗಿದರು. ಎಷ್ಟೋ ವರ್ಷಕ್ಕೆ ಮೊದಲ ಸಲ ತಲೆದೂಗಿದ್ದು. ಅವಳ ಕೈ ತಂತಿಯಿಂದ ತಂತಿಗೆ ದಾಟಿ, ಒಂದು ಮನೆ ಮುಂದೆ ಸರಿದು, ಮತ್ತೆ ಸರಿದು, ಹನಿಯಿದ್ದ ಕಡೆಗೇ ಹೋಗುತ್ತಿತ್ತು.

ಉಂಗುರದ ಬೆರಳು ಒತ್ತಿತು. ಅದರ ಪಕ್ಕದ ಮನೆಯಲ್ಲಿ, ದೀಪಕ್ಕೆ ಮಿನುಗುತ್ತ, ಹನಿ ತಂತಿಯ ಕೆಳಗೆ ತುಸು ಹರಡಿಕೊಂಡಿತು. ಪೆನ್ಸಿಲ್ ಮತ್ತೆ ಮೇಲೆದ್ದಿತು. ಅವಳ ಕಿರುಬೆರಳೂ ಎದ್ದು, ಕೊಕ್ಕಿನಂತೆ ಬಾಗಿ, ಆ ಹನಿಯ ಮೇಲೆಯೇ ನಿಂತಿತು.