ಶೆಡ್ಡಿನಲ್ಲೇ ಉಳಿದ ಬೋರ್ಡು

ಜನವರಿಯ ಒಂದು ಗುರುವಾರ, ಬೆಳಿಗ್ಗೆ ಒಂಬತ್ತೂವರೆ. ಕಾಫಿ ಲೋಟ ಹಿಡಿದು ಅಡುಗೆಮನೆಯ ಕಿಟಕಿಗೆ ಬಂದವನ ಕಣ್ಣಿಗೆ ಮೊದಲು ಬಿದ್ದದ್ದು, ಕೊಳದ ಮೇಲಿನ ಬಿಳಿ ಹಿಮದಲ್ಲಿ ಒಂದು ಬೂದು ಕಲೆ. ಅದನ್ನು ಕಂಡು ನನಗೆ ಖುಷಿಯೇ ಆಯಿತು. ಮೂರು ದಿನದಿಂದ ಅದಕ್ಕೇ ಕಾಯುತ್ತಿದ್ದೆ. ಆಮೇಲೆ ಕಂಡವನು ನನ್ನ ತಮ್ಮ ಹಾರ್ಲನ್. ಹಿಮ ತೆಗೆಯುವ ಯಂತ್ರವನ್ನು ತಳ್ಳಿಕೊಂಡು, ಕಲೆಯ ಆಚೆಗೆ ನಲವತ್ತು ಹೆಜ್ಜೆ ದೂರದಲ್ಲಿ ಅಡ್ಡಾಡುತ್ತಿದ್ದ. ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಗಾಜಿಗೆ ಮುಖ ಒತ್ತಿದೆ.

ಕೊಳದ ಉಳಿದ ಕಡೆಯೆಲ್ಲ ಐಸ್ ಒಂದು ಅಡಿ ದಪ್ಪವಿತ್ತು, ಅದರ ಮೇಲೆ ಕಾರು ನಿಲ್ಲಿಸಬಹುದಿತ್ತು. ಆ ಕಲೆಯ ಕೆಳಗೆ ಮಾತ್ರ ಒಂದು ಬೆರಳಿನಷ್ಟೂ ಉಳಿದಿರಲಿಲ್ಲ. ಹಾಗೆ ಮಾಡಿದವನು ನಾನೇ. ಹಾರ್ಲನ್‌ಗೆ ಅದು ಗೊತ್ತಿರಲಿಲ್ಲ, ಗೊತ್ತಾಗದಂತೆ ಮಾಡಿದವನೂ ನಾನೇ.

ನಮ್ಮದು ಎರಡು ಎಕರೆಯ ಕೊಳ, ಅಪ್ಪ ತೋಡಿಸಿದ್ದು. ಅಪ್ಪ ಹೋದ ಮೇಲೆ ಈಚೆ ದಡದ ಮನೆ ನನಗೆ, ಆಚೆ ದಡದ್ದು ಹಾರ್ಲನ್‌ಗೆ. ನೀರಿನ ಮೇಲೆ ಗೆರೆ ಎಳೆಯಲು ಆಗುವುದಿಲ್ಲ ಎನ್ನುತ್ತಾರೆ, ನಾವು ಎಳೆದುಕೊಂಡಿದ್ದೆವು. ವಿಲೋ ಮರದಿಂದ ತೂಬಿನವರೆಗೆ. ಗೆರೆಯ ಈಚೆ ಅವನು ಬರುವುದಿಲ್ಲ, ಆಚೆ ನಾನು ಹೋಗುವುದಿಲ್ಲ. ಮೂರು ವರ್ಷದಿಂದ ಮಾತೂ ಇಲ್ಲ.

ಕಾರಣ ಒಂದು ಬಕೆಟ್ ಮೀನು. ಅಪ್ಪನ ಕಾಲದಿಂದ ಕೊಳದಲ್ಲಿ ಎರಡೇ ಜಾತಿ: ದೊಡ್ಡ ಬಾಯಿಯ ಬಾಸ್, ಮತ್ತು ಅದಕ್ಕೆ ಊಟವಾಗುವ ಬ್ಲೂಗಿಲ್. ಎರಡೂ ಹದದಲ್ಲಿ ಇರುವಂತೆ ನೋಡಿಕೊಳ್ಳುವುದು ಹಾರ್ಲನ್‌ನ ಹುಚ್ಚು. ಯಾವ ಅಳತೆಯದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು, ಎಲ್ಲಕ್ಕೂ ಅವನ ಕಾನೂನು. ನನಗೋ ಕರಿದ ಕ್ರಾಪಿ ಮೀನು ಎಂದರೆ ಪ್ರಾಣ. ಐದು ವರ್ಷದ ಹಿಂದೆ ಊರಾಚೆಯ ದೊಡ್ಡ ಕೆರೆಯಿಂದ ಇಪ್ಪತ್ತು ಕ್ರಾಪಿ ತಂದು, ಯಾರಿಗೂ ಹೇಳದೆ ನಮ್ಮ ಕೊಳಕ್ಕೆ ಸುರಿದೆ. ಇಪ್ಪತ್ತು ಮೀನು ಯಾವ ಲೆಕ್ಕ ಅಂದುಕೊಂಡಿದ್ದೆ. ಎರಡೇ ವರ್ಷದಲ್ಲಿ ಕೊಳದ ತುಂಬ ಅವೇ. ಬಾಸ್ ಮರಿಗಳನ್ನೆಲ್ಲ ನುಂಗಿ, ತಾವೂ ಅಂಗೈಗಿಂತ ದೊಡ್ಡದಾಗದೆ, ಮುಳ್ಳು ಬಿಟ್ಟರೆ ಏನೂ ಇಲ್ಲದ ದರಿದ್ರ ಮೀನು. ಹಾರ್ಲನ್ ಈಸ್ಟರ್ ಊಟದ ಮೇಜಿನಲ್ಲಿ ಎಲ್ಲರೆದುರು ನನ್ನನ್ನು ಬೆನ್ನ ಹಿಂದೆ ಕೆಲಸ ಮಾಡುವವನು ಎಂದ. ನಾನು ತಟ್ಟೆ ಬಿಟ್ಟು ಎದ್ದುಬಂದೆ. ಅವನು ಹೇಳಿದ್ದು ನಿಜ, ಅದಕ್ಕೇ ನನಗೆ ಅಷ್ಟು ಉರಿದದ್ದು.

ಆಮೇಲಿನ ಮೂರು ಬೇಸಿಗೆಯೂ ಅವನು ಬಲೆ ಹಾಕಿ ಕ್ರಾಪಿ ತೆಗೆದ. ಬಕೆಟ್ಟುಗಟ್ಟಲೆ ಹೊತ್ತು ತನ್ನ ಜೋಳದ ಗಿಡಗಳಿಗೆ ಗೊಬ್ಬರ ಹಾಕಿದ. ಕಳೆದ ಸೆಪ್ಟೆಂಬರಿನಲ್ಲಿ ವಿಲೋ ಮರದ ಬುಡದಲ್ಲಿ ಬಾಸ್ ಮರಿಗಳ ಹಿಂಡು ಮತ್ತೆ ಕಂಡಿತು. ನಾನು ಒಬ್ಬನೇ ನಿಂತು ಬಹಳ ಹೊತ್ತು ನೋಡಿದೆ. ಚೆನ್ನಾಗಿದೆ ಕಣೋ ಎಂದು ಅವನಿಗೆ ಒಂದು ಮಾತು ಹೇಳಲಿಲ್ಲ.

ಈ ಚಳಿಗಾಲ ಡಿಸೆಂಬರಿನಿಂದಲೇ ಹಿಮ ಸುರಿಯಿತು. ಐಸಿನ ಮೇಲೆ ಹಿಮ ಕೂತರೆ ಕೆಳಗೆ ಬೆಳಕು ಹೋಗುವುದಿಲ್ಲ. ನೀರಿನೊಳಗಿನ ಗಿಡ ಸತ್ತು ಕೊಳೆಯುತ್ತದೆ, ಮೀನಿಗೆ ಉಸಿರಾಡಲು ಗಾಳಿ ಉಳಿಯುವುದಿಲ್ಲ. ಏಪ್ರಿಲಿನಲ್ಲಿ ಐಸ್ ಕರಗಿದಾಗ ಎಲ್ಲ ಹೊಟ್ಟೆ ಮೇಲಾಗಿ ತೇಲುತ್ತವೆ. ಅದಕ್ಕೆ ಅಪ್ಪ ಐಸಿನ ಮೇಲಿನ ಹಿಮವನ್ನು ಪಟ್ಟಿ ಪಟ್ಟಿಯಾಗಿ ತೆಗೆಸುತ್ತಿದ್ದ. ಕೆಲಸಕ್ಕೆ ಇಳಿಯುವ ಮುಂಚೆ ನಮ್ಮಿಬ್ಬರಿಗೂ ಒಂದು ಅಭ್ಯಾಸ ಮಾಡಿಸುತ್ತಿದ್ದ. ಇದ್ದಕ್ಕಿದ್ದಂತೆ ತಾನು ಹಿಮದ ಮೇಲೆ ಕೈಯೆರಡೂ ಚಾಚಿ ಬೋರಲು ಬೀಳುವನು. ಅದನ್ನು ಕಂಡ ತಕ್ಷಣ ನಾವೂ ಹಾಗೇ ಬೀಳಬೇಕು. ಕೊನೆಗೆ ಬಿದ್ದವನಿಗೆ ಆ ದಿನದ ಪಾತ್ರೆ ತೊಳೆಯುವ ಕೆಲಸ. ಮೈಭಾರ ಹರಡಿದರೆ ತೆಳು ಐಸೂ ತಡೆಯುತ್ತದೆ, ಐಸಿನ ಮೇಲೆ ಹೆದರಿಕೆಯಾದರೆ ಮೊದಲು ಮಲಗಿ, ಯೋಚನೆ ಆಮೇಲೆ ಮಾಡಿ ಎನ್ನುತ್ತಿದ್ದ. ಪಾತ್ರೆ ಯಾವಾಗಲೂ ನನ್ನ ಪಾಲಿಗೇ ಬರುತ್ತಿತ್ತು.

ಡಿಸೆಂಬರಿನಲ್ಲಿ ನನಗೆ ಸೊಂಟದ ಕೀಲಿನ ಆಪರೇಷನ್ ಇತ್ತು. ಸಲಿಕೆ ಹಿಡಿಯುವ ಹಾಗಿಲ್ಲ ಎಂದು ಗೊತ್ತಿದ್ದರಿಂದ ಒಂದು ಗಾಳಿ ಯಂತ್ರ ತರಿಸಿದ್ದೆ. ಅದು ಶೆಡ್ಡಿನಲ್ಲಿ ಕೂತು ಕೊಳವೆಯಲ್ಲಿ ಗಾಳಿ ಊದುತ್ತದೆ, ಕೊಳದ ತಳದಿಂದ ಗುಳ್ಳೆ ಏಳುತ್ತದೆ. ತಳದ ಬೆಚ್ಚಗಿನ ನೀರು ಮೇಲೆ ಬಂದು ಐಸನ್ನು ಕೆಳಗಿನಿಂದ ತಿನ್ನುತ್ತಾ ಹೋಗಿ ಕೊನೆಗೆ ಒಂದು ಬಾಯಿ ತೆರೆಯುತ್ತದೆ. ಅಕ್ಟೋಬರಿನಲ್ಲಿ ಹಾರ್ಲನ್ ಡುಲುತ್ ನಗರದಲ್ಲಿರುವ ಮಗಳ ಮನೆಗೆ ಹೋದ ವಾರ ನೋಡಿಕೊಂಡು, ನನ್ನ ಪಾಲಿನ ನಟ್ಟನಡುವೆ ಕೊಳವೆ ಇಳಿಸಿದೆ. ಬೆನ್ನ ಹಿಂದೆ ಕೆಲಸ ಮಾಡುವವನಲ್ಲವೇ ನಾನು.

ಯಂತ್ರದ ಜೊತೆ ಎರಡು ಕೆಂಪು ಬೋರ್ಡು ಬಂದಿದ್ದವು. ‘ಅಪಾಯ, ಐಸ್ ತೆಳುವಾಗಿದೆ.’ ಸೋಮವಾರ ಯಂತ್ರ ಚಾಲು ಮಾಡಿದಾಗ ಒಂದನ್ನು ನನ್ನ ದಡದ ಮೇಲೆ, ನನ್ನ ಮನೆಯ ಕಡೆಗೆ ಮುಖ ಮಾಡಿ ನೆಟ್ಟೆ. ಕೊಳದಿಂದ ನೋಡಿದವರಿಗೆ ಬರೀ ಹಲಗೆಯ ಬೆನ್ನು ಕಾಣುತ್ತಿತ್ತು. ಇನ್ನೊಂದನ್ನು ಹಾರ್ಲನ್‌ನ ದಡದಲ್ಲಿ ನೆಡಬೇಕಾದರೆ ಅವನ ಬಾಗಿಲು ತಟ್ಟಿ ವಿಷಯ ಹೇಳಬೇಕು. ಅವನು ಗೆರೆ ದಾಟುವವನಲ್ಲ, ಹೇಳಿ ಏನಾಗಬೇಕು ಎಂದು ಅದನ್ನು ಶೆಡ್ಡಿನಲ್ಲೇ ಬಿಟ್ಟೆ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಮಾರ್ಲಿಸ್ ಕೇಳಿದಳು.

“ಓರ್ಲಿನ್, ಮೆಷಿನ್ ವಿಷ್ಯ ಹಾರ್ಲನ್‌ಗೆ ಹೇಳಿದ್ಯಾ?”

“ಹೂಂ,” ಎಂದೆ. ಬಾಯಿಯ ತುಂಬ ಆಲೂಗಡ್ಡೆ ಇತ್ತು, ಆ ಒಂದು ಅಕ್ಷರಕ್ಕೆ ಅದೂ ಅಡ್ಡ ಬರಲಿಲ್ಲ.

ಈಗ, ಗುರುವಾರ ಬೆಳಿಗ್ಗೆ, ಅವನು ಗೆರೆ ದಾಟಿದ್ದ. ನನ್ನ ಪಾಲಿನಲ್ಲಿ ಆಗಲೇ ಎರಡು ಪಟ್ಟಿ ತೆಗೆದಿದ್ದ, ಮೂರನೆಯದು ಇನ್ನೂ ಈಚೆಗೆ ಬರುತ್ತಿತ್ತು. ನಮ್ಮ ಮನೆ ದಿಬ್ಬದ ಮೇಲಿರುವುದರಿಂದ ಕಲೆ ನನಗೆ ಕಾಣುತ್ತಿತ್ತು. ಅವನಿಗೆ ಎದುರು ಬಿಸಿಲು, ಕಣ್ಣು ಕೋರೈಸುವ ಹಿಮ. ಕಲೆಯ ಸುತ್ತ ಹಿಮದ ಕೆಳಗೆ ಎಷ್ಟು ದೂರದವರೆಗೆ ಐಸ್ ಸವೆದಿದೆಯೋ ನನಗೂ ಗೊತ್ತಿರಲಿಲ್ಲ.

ಮಾರ್ಲಿಸ್ ಚರ್ಚಿನಲ್ಲಿ ಯಾರದೋ ಶವಸಂಸ್ಕಾರದ ಊಟಕ್ಕೆ ಬನ್ನು ಕೊಯ್ಯಲು ಹೋಗಿದ್ದಳು. ಮನೆಯಲ್ಲಿ ನಾನು, ನನ್ನ ವಾಕರ್. ಫೋನ್ ತೆಗೆದೆ. ಮೂರು ವರ್ಷ ಒತ್ತದ ನಂಬರು ಬೆರಳಿಗೆ ತಾನೇ ಬಂತು. ಕಿಟಕಿಯಿಂದ ನೋಡುತ್ತಲೇ ಇದ್ದೆ. ಹಾರ್ಲನ್ ನಿಂತ. ಕೈಗವಸು ಕಳಚಿ, ಎದೆಯ ಜೇಬಿನಿಂದ ಫೋನ್ ತೆಗೆದ. ಅದರ ಮೇಲೆ ನನ್ನ ಹೆಸರು ಬಂದಿರಬೇಕು. ಸ್ವಲ್ಪ ಹೊತ್ತು ನೋಡಿದ, ಹಾಗೇ ಜೇಬಿಗೆ ಹಾಕಿಕೊಂಡು ಯಂತ್ರ ತಳ್ಳಿದ. ಮತ್ತೆ ಒತ್ತಿದೆ, ಈ ಸಲ ಅವನು ನಿಲ್ಲಲೂ ಇಲ್ಲ.

ಬಾಗಿಲು ತೆರೆದು ಕೂಗಿದೆ. ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗಿನ ಗಾಳಿ ಗಂಟಲನ್ನೇ ಕಟ್ಟಿಹಾಕಿತು. ಅವನ ಕಿವಿಗೆ ಟೋಪಿ, ಕೈಯಲ್ಲಿ ಎಂಜಿನ್ನಿನ ಆರ್ಭಟ. ಮೆಟ್ಟಿಲ ಪಕ್ಕದಲ್ಲೇ ನಮ್ಮ ಪಿಕಪ್ ನಿಂತಿತ್ತು. ವಾಕರ್ ಊರಿಕೊಂಡು, ಒಂದೊಂದೇ ಮೆಟ್ಟಿಲಿಳಿದು ಅದರ ಬಾಗಿಲೆಳೆದು ಹಾರ್ನ್ ಒತ್ತಿ ಹಿಡಿದೆ. ಹಾರ್ಲನ್ ತಲೆಯೆತ್ತಿದ. ನಾನು ಕೈ ಬೀಸಿ ಹಿಂದಕ್ಕೆ ಹೋಗು, ಹಿಂದಕ್ಕೆ ಹೋಗು ಎಂದೆ. ಅವನು ನೋಡಿದ, ನೋಡಿ ಬೆನ್ನು ತಿರುಗಿಸಿದ. ನನ್ನ ಪಾಲಿನಿಂದ ತೊಲಗು ಎನ್ನುತ್ತಿದ್ದೇನೆ ಎಂದು ತಿಳಿದಿದ್ದ. ನಾನು ಅವನ ಜಾಗದಲ್ಲಿದ್ದರೂ ಹಾಗೆಯೇ ತಿಳಿಯುತ್ತಿದ್ದೆ. ಮೊದಲಿಗಿಂತ ಜೋರಾಗಿ ತಳ್ಳತೊಡಗಿದ. ಮೂರನೇ ಪಟ್ಟಿ ಮುಗಿಯಿತು, ನಾಲ್ಕನೆಯದಕ್ಕೆ ಯಂತ್ರವನ್ನು ಈಚೆಗೆ ತಿರುಗಿಸಿದ. ಕಲೆಗೂ ಅವನಿಗೂ ಇಪ್ಪತ್ತು ಹೆಜ್ಜೆ.

ಆಗ ನಾನು ಯೋಚಿಸುವುದನ್ನು ಬಿಟ್ಟು ದಡಕ್ಕೆ ಹೊರಟೆ. ಅರವತ್ತು ಹೆಜ್ಜೆಯ ಇಳಿಜಾರು. ವಾಕರಿನ ಕಾಲು ಹಿಮದಲ್ಲಿ ಹೂತು ಹೂತು ಏಳುತ್ತಿತ್ತು. ಸೊಂಟದೊಳಗೆ ಕಬ್ಬಿಣ ಕಾಯಿಸಿ ಇಟ್ಟ ಹಾಗಿತ್ತು. ಆದರೆ ಆ ನೋವಿನ ಭಯ ನನಗಿರಲಿಲ್ಲ. ಅವನ ಯಂತ್ರದ ಸದ್ದು ಯಾವ ಕ್ಷಣ ನಿಂತುಬಿಡುತ್ತದೋ ಎಂಬುದೊಂದೇ ಭಯ. ಆ ಸದ್ದು ಇರುವವರೆಗೆ ಅವನಿದ್ದಾನೆ. ಅದನ್ನು ಕೇಳುತ್ತಲೇ ಇಳಿದೆ. ದಡ ದಾಟಿ ಐಸಿನ ಮೇಲೆ ನಾಲ್ಕು ಹೆಜ್ಜೆ ಇಟ್ಟಿರಬಹುದು, ವಾಕರ್ ಜಾರಿತು. ನಾನು ಪಕ್ಕಕ್ಕೆ ಬಿದ್ದೆ.

ಈ ಸಲ ಹಾರ್ಲನ್ ನೋಡಿದ. ಯಂತ್ರದ ಹಿಡಿ ಬಿಟ್ಟ. ಬಿಟ್ಟವನೇ ನನ್ನ ಕಡೆಗೆ ಓಡಿ ಬಂದ.

ನೇರವಾಗಿ ಓಡಿ ಬಂದ. ನಮ್ಮಿಬ್ಬರ ನಡುವೆ ಆ ಕಲೆ ಇತ್ತು.

ಅರವತ್ತೆಂಟು ವರ್ಷದಲ್ಲಿ ನಾನು ಅಷ್ಟು ಹೆದರಿದ್ದಿಲ್ಲ. ಬರಬೇಡ ಎಂದು ಅರಚಿದೆ. ಅವನಿಗೆ ನೋವಿನ ಕೂಗಿನ ಹಾಗೆ ಕೇಳಿಸಿತೋ ಏನೋ, ಇನ್ನೂ ಜೋರಾಗಿ ಓಡಿದ. ಕೈ ಬೀಸಿದರೆ ಕರೆಯುತ್ತಿದ್ದಾನೆ ಎಂದುಕೊಳ್ಳುತ್ತಾನೆ. ನನ್ನ ಯಾವ ಮಾತೂ, ಯಾವ ಸನ್ನೆಯೂ ಅವನಿಗೆ ಸರಿಯಾಗಿ ಮುಟ್ಟದಂತೆ ಮೂರು ವರ್ಷದಲ್ಲಿ ನಾವೇ ಮಾಡಿಕೊಂಡಿದ್ದೆವು. ಆಗ ಅಪ್ಪನ ನೆನಪಾಯಿತು. ಸೊಂಟ ಮುರಿದರೆ ಮುರಿಯಲಿ ಎಂದು ಹೊರಳಿ, ಎರಡೂ ಕೈ ಚಾಚಿ, ಮುಖವನ್ನು ಹಿಮಕ್ಕೆ ಒತ್ತಿ ಬೋರಲು ಮಲಗಿದೆ.

ಓಟದ ಸದ್ದು ನಿಂತಿತು. ಧಡ್ ಎಂದಿತು. ಹಿಂದೆಯೇ ಐಸ್ ಬಿರಿಯುವ ಸದ್ದು, ಉದ್ದಕ್ಕೆ, ನನ್ನ ಎದೆಯ ಕೆಳಗೂ ಹಾದುಹೋಯಿತು.

ತಲೆಯೆತ್ತಲು ನನಗೆ ಧೈರ್ಯ ಸಾಲಲಿಲ್ಲ. ಎತ್ತಿದಾಗ, ಕಲೆಯ ಅಂಚಿನಲ್ಲಿ ಅವನೂ ಕೈ ಚಾಚಿ ಬೋರಲು ಬಿದ್ದಿದ್ದ. ಒಂದು ಕಾಲು ಮೊಣಕಾಲಿನವರೆಗೆ ನೀರಿನೊಳಗಿತ್ತು. ಹೊಟ್ಟೆಯ ಸುತ್ತಲಿನ ಹಿಮ ನೀರು ಕುಡಿದು ಕಪ್ಪಾಗುತ್ತಿತ್ತು. ಅವನು ಅಲುಗಲಿಲ್ಲ, ನನ್ನನ್ನೇ ನೋಡುತ್ತಿದ್ದ. ಆಮೇಲೆ, ಅಪ್ಪ ಹೇಳಿಕೊಟ್ಟಂತೆ, ಕಾಲನ್ನು ನಿಧಾನವಾಗಿ ಎಳೆದುಕೊಂಡು ಮರದ ದಿಮ್ಮಿಯ ಹಾಗೆ ಹಿಂದಕ್ಕೆ ಉರುಳಿದ. ಒಂದು ಸುತ್ತು, ಎರಡು, ಐದು. ಹಿಂದೆ ಯಂತ್ರ ಒಂದೇ ಸಮ ಗುಡುಗುಡು ಎನ್ನುತ್ತಲೇ ಇತ್ತು.

ಎದ್ದು ದಡ ಹಿಡಿದು, ಕೊಳವನ್ನು ಪೂರ್ತಿ ಸುತ್ತಿ ನನ್ನ ಹತ್ತಿರ ಬಂದ. ಅಷ್ಟರಲ್ಲಿ ಅವನ ಪ್ಯಾಂಟಿನ ಒಂದು ಕಾಲು ಹೆಪ್ಪುಗಟ್ಟಿ ಹಲಗೆಯಾಗಿತ್ತು. ನನ್ನ ಕಂಕುಳಿಗೆ ಕೈ ಹಾಕಿ ಎತ್ತಿದ. ಒಂದೊಂದೇ ಹೆಜ್ಜೆ ಹಾಕಿ ದಿಬ್ಬ ಹತ್ತಿ ಮನೆ ಸೇರಿದೆವು. ನನ್ನ ಸೊಂಟಕ್ಕೆ ಏನೂ ಆಗಿರಲಿಲ್ಲ, ಕಾಲು ಊರಿದರೆ ನಿಲ್ಲುತ್ತಿತ್ತು. ಅವನು ಮಾರ್ಲಿಸಳ ಕಂಬಳಿ ಸುತ್ತಿಕೊಂಡು, ಪ್ಯಾಂಟನ್ನು ಒಲೆಯ ಮುಂದೆ ಹರಡಿ, ಕಾಲನ್ನು ಉಗುರುಬೆಚ್ಚಗಿನ ನೀರಿನ ಬೋಗುಣಿಯಲ್ಲಿಟ್ಟು ಕೂತ. ಹಲ್ಲು ಕಟಕಟ ಎನ್ನುವುದು ನಿಂತ ಮೇಲೆ ಕೇಳಿದ.

“ಎಷ್ಟು ದಿನದಿಂದ ಓಡ್ತಿದೆ ನಿನ್ನ ಆ ಮೆಷಿನ್?”

“ಸೋಮವಾರದಿಂದ.”

ಅವನು ತಲೆಯಾಡಿಸಿದ. ಬೈಯಲಿ ಎಂದು ಕಾದೆ, ಬೈಯಲಿಲ್ಲ. ಆಗ ನಾನೇ, ನನ್ನ ಪಾಲಿಗೆ ಯಾಕೆ ಬಂದೆ ಎಂದು ಕೇಳಿದೆ.

“ನಿನ್ನೆ ಮಾರ್ಲಿಸ್ ಫೋನ್ ಮಾಡಿದ್ಲು. ಓರ್ಲಿನ್ ಸೊಂಟ ಹಿಂಗಾಗಿದೆ, ನಮ್ಮ ಕಡೆ ಹಿಮ ಹಂಗೇ ಬಿದ್ದಿದೆ, ಒಂದ್ನಾಲ್ಕು ಪಟ್ಟಿ ತೆಗೀತೀಯಾ ಅಂದ್ಲು. ಮೆಷಿನ್ ವಿಷ್ಯ ಓರ್ಲಿನ್ ನಿಂಗೆ ಹೇಳಿದ್ದಾನಲ್ಲ, ಹುಷಾರು ಅಂದ್ಲು.”

“ಯಾವ ಮೆಷಿನ್ ಅಂತ ಕೇಳ್ಲಿಲ್ವೇನೋ?”

“ಬಾಯಿಗೆ ಬಂತು. ಕೇಳಿದ್ರೆ ನೀನು ಅವಳ ಹತ್ರ ಸುಳ್ಳು ಹೇಳಿದೀಯ ಅಂತ ಗೊತ್ತಾಗೋದು. ದಡದ ಮೇಲೆ ಏನೋ ಇಟ್ಟಿರ್ಬೇಕು ಅಂದ್ಕೊಂಡು ಹೂಂ ಅಂದೆ.”

ನಾನು ಬೋಗುಣಿಯಲ್ಲಿದ್ದ ಅವನ ಕಾಲನ್ನು ನೋಡಿದೆ. ಬೆರಳುಗಳು ಇನ್ನೂ ಬೆಳ್ಳಗಿದ್ದವು.

ಹೊರಗೆ ಕಾರು ಬಂತು. ಮಾರ್ಲಿಸ್ ಕೈಯಲ್ಲಿ ಉಳಿದ ಬನ್ನುಗಳ ತಟ್ಟೆ ಹಿಡಿದು ಒಳಗೆ ಬಂದಳು. ಒಂದೇ ಮೇಜಿಗೆ ಕೂತ ನಮ್ಮಿಬ್ಬರನ್ನೂ ನೋಡಿದಾಗ ಅವಳ ಮುಖ ಅರಳಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಆಮೇಲೆ ಒಲೆಯ ಮುಂದಿನ ಪ್ಯಾಂಟು ಕಂಡಿತು, ಬೋಗುಣಿ ಕಂಡಿತು. ತಟ್ಟೆ ಕೆಳಗಿಟ್ಟಳು.

“ಹಾರ್ಲನ್, ನಿಂಗೆ ಮೆಷಿನ್ ವಿಷ್ಯ ಗೊತ್ತಿತ್ತಲ್ವಾ?”

ಹಾರ್ಲನ್ ನನ್ನ ಕಡೆ ನೋಡಲಿಲ್ಲ. ಮತ್ತೊಂದು ಸಲ ಹೂಂ ಎನ್ನಲು ಅವನ ಬಾಯಿ ತೆರೆದದ್ದು ನನಗೆ ಕಂಡಿತು. ಮೇಜಿನ ಮೇಲಿದ್ದ ಅವನ ಕೈಯನ್ನು ಹಿಡಿದುಕೊಂಡೆ.

“ಇಲ್ಲ ಮಾರ್ಲಿಸ್,” ಎಂದೆ. “ನಾನು ಹೇಳಿರ್ಲಿಲ್ಲ.”