ಕಣಕ್ಕೆ ಇಬ್ಬರು ಕಾವಲುಗಾರರು

ಆನ್‌ಲೈನಿನಲ್ಲಿ ಮಾಲು ತರಿಸಿ, ಆಮೇಲೆ ನನ್ನನ್ನು ಕರೆದು "ಇದನ್ನ ಸ್ವಲ್ಪ ಜೋಡಿಸಿ ಕೊಡು" ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ರಾಣೆಬೆನ್ನೂರಿನಲ್ಲಿ ನನ್ನದೊಂದು ಸಿಸಿ ಕ್ಯಾಮೆರಾ ಅಂಗಡಿ ಇದೆ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಶಂಕ್ರಪ್ಪ ಸಾಹುಕಾರರು ನನ್ನ ಹಳೆಯ ಗಿರಾಕಿ. ಅವರ ಗೋದಾಮಿಗೆ ಕ್ಯಾಮೆರಾ ಹಚ್ಚಿ, ಆಫೀಸಿನಲ್ಲಿ ರೆಕಾರ್ಡರು ಕೂರಿಸಿದವನು ನಾನೇ. ಅಂಥವರೇ ಈ ಸಲ ಸಂಕ್ರಾಂತಿ ಕಳೆದ ಮೇಲೆ ಎಲ್ಲಿಂದಲೋ ಎರಡು ಬ್ಯಾಟರಿ ಕ್ಯಾಮೆರಾ ತರಿಸಿಕೊಂಡು ಫೋನು ಮಾಡಿದರು. ಬೈಕು ಹತ್ತಿದೆ, ಆದರೆ ದಾರಿಯುದ್ದಕ್ಕೂ ಅವರನ್ನು ಬೈದುಕೊಂಡೇ ಹೋದೆ.

"ಗೋದಾಮಿನ ಮುಂದ ಕಾಯಿ ಒಣಗಸೂ ಕಣ ಐತೆಲ್ಲಾ ಮಾಲತೇಶಾ, ಅಲ್ಲಿ ಕರೆಂಟಿಲ್ಲ. ಅದಕ್ಕ ಬ್ಯಾಟರೀವು ತರಸೇನಿ," ಎಂದರು ಸಾಹುಕಾರರು. "ಇವೂ ನಮ್ಮ ರೆಕಾರ್ಡರಿನ್ಯಾಗ ಬರಬೇಕು ನೋಡು."

"ಕಣಕ್ಕ ಫಕ್ಕೀರಸಾಬ ಕಾಕಾ ಅದಾರಲ್ರಿ?"

"ಅವನ ಸಲುವಾಗಿನ ತರಸೇನಿ!" ಎಂದು ದನಿ ತಗ್ಗಿಸಿದರು. "ಹಗಲೆಲ್ಲಾ ಮಕ್ಕೋತಾನಂತ. ಹಿಡಿಯೂಣು ಅಂದ್ರ ನನ್ನ ಸ್ಕೂಟರ್ ಸಪ್ಪಳ ಕೇಳಿ ಎದ್ದ ನಿಂತಿರ್ತಾನ. ಒಮ್ಮೆ ಇದರಾಗ ಸಿಗಲಿ, ಅವತ್ತ ಮನಿಗೆ ಕಳಸ್ತೇನಿ."

ಫಕ್ಕೀರಸಾಬರು ಸಾಹುಕಾರರ ತಂದೆಯ ಕಾಲದಿಂದ ಆ ಕಣ ಕಾಯುತ್ತಿರುವ ಮುದುಕರು. ಬೆಳಿಗ್ಗೆ ಬಂದು ಹೊತ್ತು ಮುಳುಗುವ ತನಕ ಇರುತ್ತಾರೆ. ದನ ನುಗ್ಗಿ ತುಳಿದರೆ ಕಾಯಿ ಮುರಿಯುತ್ತದೆ, ಮುರಿದ ಕಾಯಿಯನ್ನು ಮಾರ್ಕೆಟ್ಟಿನಲ್ಲಿ ಕೇಳುವವರಿಲ್ಲ. ಹಾಗಾಗಿ ಅದು ನಗುವ ಕೆಲಸವೇನಲ್ಲ. ಇದು ಕೈಬಿಟ್ಟರೆ ಆ ವಯಸ್ಸಿಗೆ ಅವರನ್ನು ಕರೆದು ಇನ್ನೊಂದು ಕೆಲಸ ಕೊಡುವವರೂ ಇಲ್ಲ. ನನಗೆ ಕೆಟ್ಟದೆನಿಸಿತು. ಆದರೆ ಕ್ಯಾಮೆರಾ ನೋಡಿದ ಕೂಡಲೇ ನಗುವೂ ಬಂತು.

"ಸಾವ್ಕಾರ್ರ, ಇದು ನಮ್ಮ ವಾಯರಿನ ಕ್ಯಾಮೆರಾದಂಗ ದಿನಪೂರ್ತಿ ನೋಡಾಂಗಿಲ್ರಿ. ಬ್ಯಾಟರಿ ಉಳಸಾಕ ಇದೂ ಮಲಗಿರ್ತೈತಿ. ಮುಂದ ಮನಷ್ಯಾರ, ದನಾನಾರ ಅಡ್ಯಾಡಿದ್ರ ಅಷ್ಟ ಎಚ್ಚರಾಕ್ಕೈತಿ. ಎಚ್ಚರ ಇದ್ದಷ್ಟು ಹೊತ್ತು ಮಾತ್ರ ರೆಕಾರ್ಡರಿಗೆ ಕಳಸ್ತೈತಿ."

"ಅದೆಲ್ಲಾ ನಿನ್ನ ಕಸಬು. ನನಗ ಪಾಠಾ ಹೇಳಬ್ಯಾಡ. ಹಚ್ಚು."

ಇನ್ನೊಮ್ಮೆ ಹೇಳಿದೆ. ಅಷ್ಟರಲ್ಲಿ ಅವರು ಯಾರದೋ ಫೋನು ಎತ್ತಿದರು. ಸರಿ, ನನ್ನ ಗಂಟೇನು ಹೋಗುತ್ತದೆ! ಈ ಜಾತಿಯ ಕ್ಯಾಮೆರಾ ರೆಕಾರ್ಡರಿನ ಜೊತೆ ನೇರ ಮಾತಾಡುವುದಿಲ್ಲ, ನಡುವೆ ಒಂದು ಪುಟ್ಟ ಡಬ್ಬಿ ಬೇಕು. ಅದು ಕ್ಯಾಮೆರಾದ ಮಾತು ಕೇಳಿಸಿಕೊಂಡು ರೆಕಾರ್ಡರಿಗೆ ಮುಟ್ಟಿಸುತ್ತದೆ. ಡಬ್ಬಿಯನ್ನು ಮಹಡಿಯ ಮೇಲಿನ ಆಫೀಸಿನ ಕಿಟಕಿಯಲ್ಲಿ ಇಟ್ಟು, ವಾಯರು ಎಳೆದು ರೆಕಾರ್ಡರಿಗೆ ಸಿಕ್ಕಿಸಿ, ಕಣಕ್ಕೆ ಹೋದೆ.

ಏಣಿ ಹಿಡಿದವರು ಫಕ್ಕೀರಸಾಬರೇ. ಒಂದು ಕ್ಯಾಮೆರಾ ತಗಡಿನ ಗೋಡೆಗೆ, ಇನ್ನೊಂದು ಬೇವಿನ ಮರದ ಎದುರಿನ ಕಂಬಕ್ಕೆ. ನಾನು ಕೆಳಗಿಳಿದ ಕೂಡಲೇ ಮುದುಕರು ಕೇಳಿದರು.

"ಇದು ಬಂತಂದ್ರ ನಾ ಹೋಗಬೇಕೇನಪಾ?"

"ಹಂಗೇನಿಲ್ಲ ಬಿಡ್ರಿ ಕಾಕಾ."

"ಹೋಗೂದಕ್ಕ ಅಂಜಿಕಿಲ್ಲೋ. ಮನ್ಯಾಗ ದಿನಪೂರ್ತಿ ನಮ್ಮಾಕಿ ಶರೀಫಾಬಿ ಕೈಯಾಗ ಸಿಗಬೇಕಲ್ಲ, ಅದಕ್ಕ ಅಂಜಿಕಿ," ಎಂದು ನಕ್ಕರು. ನಕ್ಕರೂ ಏಣಿಯ ಮೇಲಿನ ಕೈ ಬಿಟ್ಟಿರಲಿಲ್ಲ.

ವಾರ ಕಳೆಯುವುದರೊಳಗೆ ಸಾಹುಕಾರರ ಫೋನು ಮತ್ತೆ ಬಂತು. ಒಂದು ಕ್ಯಾಮೆರಾ ಸತ್ತಿದೆಯಂತೆ. ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲೆ ಆರು ತಿಂಗಳು ಬರುತ್ತದೆಂದು ಬರೆದ ಬ್ಯಾಟರಿ! ಹೋಗಿ ನೋಡಿದರೆ ಕಾರಣ ಸರಳವಾಗಿತ್ತು. ಫಕ್ಕೀರಸಾಬರು ಅದರ ಮುಂದೆ ಅಡ್ಡಾಡಿ ಅಡ್ಡಾಡಿ ಅದಕ್ಕೆ ಕಣ್ಣು ಮುಚ್ಚಲು ಬಿಟ್ಟಿರಲಿಲ್ಲ.

ಸಾಹುಕಾರರು ಮಾತ್ರ ಬ್ಯಾಟರಿಯ ಮಾತೇ ಎತ್ತಲಿಲ್ಲ. ಆಫೀಸಿನಲ್ಲಿ ರೆಕಾರ್ಡರಿಗೆ ಹಚ್ಚಿದ ಟಿವಿಯ ಮುಂದೆ ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು.

"ವಾರದ್ದೆಲ್ಲಾ ನೋಡಿದೆ ಮಾರಾಯಾ. ಯಾವಾಗ ನೋಡು, ನಿಂತಾನ. ಇಲ್ಲಾ ನಡದಾನ. ಇಲ್ಲಿ ದನಾ ಹೊಡಿಯಾಕತ್ತಾನ, ಇಲ್ಲಿ ಕಾಯಿ ಹೊಳ್ಳಿಸಿ ಹಾಕಾಕತ್ತಾನ. ಮಕ್ಕೊಂಡದ್ದು ಒಂದರ ಐತೇನು? ಇಂಥಾ ಮನಷ್ಯಾನ್ನ ಅನುಮಾನ ಪಟ್ಟೆ."

ನಾನು ಬಾಯಿ ತೆರೆಯುವ ಮೊದಲೇ ಅವರು ಕಿಟಕಿಯಿಂದ ಕೂಗಿ ಫಕ್ಕೀರಸಾಬರನ್ನು ಮೇಲಕ್ಕೆ ಕರೆಸಿದರು. ಮುದುಕರು ಬಾಗಿಲ ಬಳಿ ಚಪ್ಪಲಿ ಬಿಟ್ಟು, ಟವೆಲ್ಲು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದು ನಿಂತರು. ಕೆಲಸ ಹೋಯಿತೆಂದೇ ಅವರು ತಿಳಿದಿದ್ದರು.

"ಫಕ್ಕೀರಸಾಬ, ನಾಳಿಂದ ಉಂಡ ಮ್ಯಾಲೆ ಎರಡ ತಾಸು ಮಕ್ಕೋಬೇಕ ನೋಡು. ನನ್ನ ಆರ್ಡರು ಇದು. ಜೀವಾ ಹಿಂಗ ದಂಡಿಸಬಾರದು."

ಫಕ್ಕೀರಸಾಬರು ನನ್ನ ಮುಖ ನೋಡಿದರು, ಸಾಹುಕಾರರ ಮುಖ ನೋಡಿದರು. ಸುಮ್ಮನೆ ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಪುಣ್ಯಾತ್ಮ, ಅನ್ನಲಿಲ್ಲ.

"ಸಾವ್ಕಾರ್ರ, ಸುಳ್ಳ ಯಾಕ ಹೇಳ್ಲಿ? ನಾ ದಿನಾ ಮಕ್ಕೋತೇನ್ರಿ. ಉಂಡ ಮ್ಯಾಲೆ ಬೇವಿನ ಗಿಡದ ಬುಡಕ ಅಡ್ಡಾಕ್ಕೇನಿ."

"ನೋಡಿದೇನು ಮಾಲತೇಶಾ! ನನಗ ಕೆಟ್ಟ ಅನಸಬಾರದಂತ ತನ್ನ ಮ್ಯಾಲೆ ಹಾಕ್ಕೊಳ್ಳಾಕತ್ತಾನ," ಎಂದು ಸಾಹುಕಾರರು ಕಣ್ಣು ಒರೆಸಿಕೊಂಡರು.

ಇನ್ನು ತಡೆಯಲು ನನ್ನಿಂದ ಆಗಲಿಲ್ಲ. "ಖರೇನ ಹೇಳಾಕತ್ತಾರ್ರಿ! ಅವರು ಮಲಗಿದಾಗ ಅದೂ ಮಲಗಿರ್ತೈತಿ. ಅವರು ಎದ್ದು ಅಡ್ಡಾಡಿದಾಗ ಏಳ್ತೈತಿ. ಅದೂ ಎರಡು ಕ್ಷಣ ತಡಾ ಮಾಡಿ ಏಳ್ತೈತಿ, ಅದಕ್ಕ ಎದ್ದದ್ದು ಸೈತ ಕಾಣೂದಿಲ್ಲ. ಮದಲ ದಿನಾ ಎರಡ ಸಲ ಹೇಳೇನಿ, ಕೇಳ್ಕೊಂಡ್ರೇನ್ರಿ?"

ಸಾಹುಕಾರರ ಮುಖ ಗಂಟಾಯಿತು. ನಾನು ನಾಲಿಗೆ ಕಚ್ಚಿಕೊಂಡೆ. ಮುದುಕರ ಅನ್ನಕ್ಕೆ ನಾನೇ ಮಣ್ಣು ಹಾಕಿದೆನೇ?

"ತೋರಸು," ಎಂದರು ಸಾಹುಕಾರರು. "ಹೋಗು ಫಕ್ಕೀರಸಾಬ, ದಿನಾ ಮಕ್ಕೊಂಡಂಗ ಮಕ್ಕೋ."

ಅವರು ಇಳಿದು ಹೋದರು. ಬದುಕಿ ಉಳಿದಿದ್ದ ಕಂಬದ ಕ್ಯಾಮೆರಾ ಅವರನ್ನು ಟಿವಿಯಲ್ಲಿ ತೋರಿಸಿತು. ಗೋಣಿಚೀಲ ಕೊಡವಿ ಹಾಸಿದ್ದು, ಅಡ್ಡಾದದ್ದು, ಮುಖದ ಮೇಲೆ ಟವೆಲ್ಲು ಎಳೆದದ್ದು. ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಯಿತು.

"ಎಲ್ಲಿ?"

"ಮಲಗಿತ್ರಿ."

ಇಬ್ಬರೂ ಕಿಟಕಿಗೆ ಬಂದೆವು. ಕೆಂಪಗೆ ಹರಡಿದ ಕಾಯಿ, ಬೇವಿನ ನೆರಳು, ಅಲುಗಾಡದ ಮುದುಕರು. ನಾನು ಸಾಹುಕಾರರ ಮುಖ ನೋಡುವ ಧೈರ್ಯ ಮಾಡಲಿಲ್ಲ. ಬಹಳ ಹೊತ್ತು ಹಾಗೇ ನಿಂತೆವು. ಆಗ ರಸ್ತೆಯ ಕಡೆಯಿಂದ ಒಂದು ಬಿಳಿ ಆಕಳು ಬಂತು. ಬೇಲಿ ಸಡಿಲವಾಗಿದ್ದ ಕಡೆ ಮೂತಿ ತೂರಿಸಿ, ಒಂದು ಕಾಲು ಒಳಗಿಟ್ಟಿತು. ಸಾಹುಕಾರರು ಕೂಗಲು ಬಾಯಿ ತೆರೆದರು.

ಬೇವಿನ ಬುಡದಿಂದ ಅದಕ್ಕೂ ಮೊದಲೇ "ಹೈ, ಹೈ!" ಎಂಬ ಕೂಗು ಬಂದಿತ್ತು. ಟವೆಲ್ಲು ಅತ್ತ, ಬಡಿಗೆ ಕೈಯಲ್ಲಿ. ನಾವು ನೋಡುನೋಡುವುದರಲ್ಲಿ ಮುದುಕರು ಎದ್ದು ಓಡುತ್ತಿದ್ದರು. ಆಕಳು ಎರಡನೇ ಕಾಲು ಇಡುವ ಮೊದಲೇ ಹೊರಳಿ ರಸ್ತೆ ಹಿಡಿಯಿತು. ಆಮೇಲೆ, ಎಲ್ಲ ಮುಗಿದ ಮೇಲೆ, ನಮ್ಮ ಹಿಂದೆ ರೆಕಾರ್ಡರು ಪೀಂ ಎಂದಿತು. ಟಿವಿಯಲ್ಲಿ ಫಕ್ಕೀರಸಾಬರು ಬಡಿಗೆ ಹಿಡಿದು ನೆಟ್ಟಗೆ ನಿಂತಿದ್ದರು.

ಸಾಹುಕಾರರು ಒಮ್ಮೆ ಟಿವಿ ನೋಡಿದರು, ಒಮ್ಮೆ ಕಿಟಕಿ ನೋಡಿದರು. ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನನಗೆ ಜೀವ ಬಂದಂತಾಯಿತು, ನಾನೂ ನಕ್ಕೆ. ಕೆಳಗೆ ಮುದುಕರು ಏದುಸಿರು ಬಿಡುತ್ತ, ತಮ್ಮ ಕೆಲಸದ ತೀರ್ಪು ಏನಾಯಿತೋ ಎಂದು ಮೇಲೆ ನೋಡುತ್ತಿದ್ದರು.

"ಮಾಲತೇಶಾ," ಎಂದರು ಸಾಹುಕಾರರು, "ಆ ಸತ್ತ ಕ್ಯಾಮೆರಾ ಬಿಚ್ಚಿ ಚಾರ್ಜಿಗೆ ಹಾಕು. ಇವಗ ಮಕ್ಕೊಳ್ಳಾಕ ಒಂದು ಹೊರಸು ತರಸ್ತೇನಿ."