ನಂದಿಗುಡಿ ಎಮ್ಮೆಗೆ ಅಂಡಮಾನ್ ವಿಳಾಸ

ಎಡಗೈಯಲ್ಲಿ ಉಡಚಮ್ಮನ ಎಮ್ಮೆಯ ಹಗ್ಗ, ಬಲಗೈಯಲ್ಲಿ ಮೊಬೈಲು. ನಂದಿಗುಡಿಯ ಕೊಟ್ಟಿಗೆಯಲ್ಲಿ ನಿಂತು ಆಶಾರಾಣಿ ಕರ್ನಾಟಕವನ್ನು ಹುಡುಕುತ್ತಿದ್ದಳು. ಖಾಸಗಿ ಸಂಸ್ಥೆಯೊಂದರ ಪರವಾಗಿ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕುವುದು ಅವಳ ಕೆಲಸ. ಹಾಕಿದ್ದನ್ನೆಲ್ಲ ಆ್ಯಪಿನಲ್ಲಿ ದಾಖಲಿಸಬೇಕು. ರಾಜ್ಯಗಳ ಪಟ್ಟಿ ತೆರೆದರೆ ಮೊದಲು ಅಂಡಮಾನ್. ಆಮೇಲೆ ಜಿಲ್ಲೆ, ತಾಲ್ಲೂಕು, ಊರು, ದಿನಾಂಕ. ಪ್ರತಿ ದನಕ್ಕೂ ಮತ್ತೆ ಮೊದಲಿನಿಂದ.

“ಸೂಜಿ ಚುಚ್ಚಾಕೆ ಒಂದು ಗಳಿಗೆ, ಆ ಫೋನ್ ತಿಕ್ಕಾಕೆ ಒಂದು ತಾಸು. ಯಾಕ ತಂಗಿ?” ಎಂದಳು ಉಡಚಮ್ಮ.

ಆಶಾರಾಣಿಗೆ ರೇಗಿಹೋಯಿತು. ದಾವಣಗೆರೆಯ ವಿನೋಬನಗರದಲ್ಲಿ ಕೂತು ಆ ಆ್ಯಪ್ ಮಾಡಿದ್ದ ವಿಜಯಕುಮಾರನಿಗೆ ಮೂರನೆಯ ಸಲ ಫೋನ್ ಹಚ್ಚಿದಳು.

“ರಾಜ್ಯ, ಜಿಲ್ಲೆ ಎಲ್ಲಾ ಮೊದ್ಲೇ ತುಂಬಿಟ್ರೆ ನೀವು ನೋಡ್ದೇ ಒತ್ತಿಬಿಡ್ತೀರಿ ಮೇಡಂ.”

“ಹರಿಹರ ತಾಲ್ಲೂಕಿನ ಎಮ್ಮೆ ಅಂಡಮಾನಿಗೆ ಈಜ್ಕೊಂಡು ಹೋಗ್ತೈತೇನ್ರಿ? ಒಂದಿನ ಬರ್ರಿ, ನೀವೇ ತುಂಬ್ರಿ!”

ಶನಿವಾರ ಅವನು ಬಂದೇಬಿಟ್ಟ. ಮೂರನೆಯ ಎಮ್ಮೆಯ ಹೊತ್ತಿಗೆ ಸಗಣಿ ಮೆತ್ತಿದ ಬಾಲ ಅವನ ಕನ್ನಡಕಕ್ಕೆ ಬಡಿಯಿತು, ಮೊಬೈಲು ಗಂಜಳಕ್ಕೆ ಬಿತ್ತು. ಕಟ್ಟೆಯ ಮೇಲೆ ಕುಸಿದು, “ಸಾಕ್ರಿ, ತಿಳೀತು” ಎಂದ.

ಸೋಮವಾರ ಕೊಂಡಜ್ಜಿಯಲ್ಲಿ ಆ್ಯಪ್ ತೆರೆದರೆ ರಾಜ್ಯ, ಜಿಲ್ಲೆ, ತಾಲ್ಲೂಕು, ಅಂದಿನ ದಿನಾಂಕ ಎಲ್ಲವೂ ತುಂಬಿಕೊಂಡೇ ಬಂದವು. ಮಧ್ಯಾಹ್ನದೊಳಗೆ ಮೂವತ್ತು ದನ ಮುಗಿದವು. ಆಗ ಏಕಾಂತಪ್ಪನ ಕರು, ಕಿವಿಗೆ ಹಾಕಿದ ಗುರುತಿನ ಓಲೆಯ ನಂಬರು ಆ್ಯಪಿನಲ್ಲಿ ಹೊಡೆಯುವಷ್ಟರಲ್ಲಿ, ಸೂಜಿ ಚುಚ್ಚುವ ಮೊದಲೇ, ಹಗ್ಗ ಕಿತ್ತುಕೊಂಡು ಕೆರೆಯ ಕಡೆ ಓಡಿತು. ಆಶಾರಾಣಿ ಮೊಬೈಲು ನೋಡಿದಳು. ‘ಲಸಿಕೆ ಹಾಕಿದೆಯೇ?’ ಎಂಬುದರ ಮುಂದೆ ಆಗಲೇ ‘ಹೌದು’ ಎಂದಿತ್ತು!

ಬೆಳಗಿನ ದಾಖಲೆ ತಿರುವಿದರೆ, ಮೇಯಲು ಹೋಗಿದ್ದರಿಂದ ನಂಬರು ಮಾತ್ರ ತುಂಬಿಟ್ಟಿದ್ದ ಎರಡು ಹಸುಗಳಿಗೂ ‘ಹೌದು’.

“ಏನ್ರಿ ಇದು?” ವಿಜಯಕುಮಾರನಿಗೆ ಫೋನ್ ಹಚ್ಚಿ ಕೂಗಿದಳು.

“ನಿಮಗೆ ಅನುಕೂಲ ಆಗ್ಲಿ ಅಂತ…”

“ಊರು ತುಂಬ್ರಿ, ತಾರೀಖು ತುಂಬ್ರಿ, ಬ್ಯಾಡ ಅನ್ನಲ್ಲ. ಚುಚ್ಚೋದು ನನ್ನ ಕೈ, ಅದನ್ನ ನಾನೇ ಒತ್ತಬೇಕು. ನಾಳೆ ಈ ಕರುಗೆ ಜ್ವರ ಬಂದ್ರೆ ಏಕಾಂತಪ್ಪಗೆ ಏನಂತ ಹೇಳ್ಲಿ?”

“ಹೌದ್ರಿ, ತಪ್ಪಾತು. ಈಗ್ಲೇ ತೆಗೀತೀನಿ,” ಎಂದ ವಿಜಯಕುಮಾರ.

ಹಸುಗಳು ಮೇಯ್ದು ಬರುವವರೆಗೆ ಕಾದು ಅವಕ್ಕೆ ಸೂಜಿ ಹಾಕಿದಳು. ಕರು ಸಿಕ್ಕಿದ್ದು ಕೆರೆಯಂಚಿನ ಕೆಸರಿನಲ್ಲಿ. ಏಕಾಂತಪ್ಪ ಅದರ ಕುತ್ತಿಗೆ ತಬ್ಬಿ ಹಿಡಿದ. ಮೊಣಕಾಲುದ್ದ ಕೆಸರಲ್ಲಿ ನಿಂತೇ ಆಶಾರಾಣಿ ಲಸಿಕೆ ಹಾಕಿದಳು. ಆಮೇಲೆ ಬೆರಳು ಒರೆಸಿಕೊಂಡು, ಈಗ ಖಾಲಿಯಾಗಿದ್ದ ಜಾಗದಲ್ಲಿ ತಾನೇ ‘ಹೌದು’ ಒತ್ತಿದಳು.